ಹವಳದ್ವೀಪಗಳ ಬಿಳಿ ಮರಳು ಮೀನಿನ ಹಿಕ್ಕೆಯೇ?

ಪ್ರಶ್ನೆ: ಮಾಲ್ಡೀವ್ಸ್‌ನ ಕಡಲತೀರದ ಬಿಳಿ ಮರಳು ಮೀನಿನ ಹಿಕ್ಕೆಯಿಂದ ಆದದ್ದು ಎನ್ನುತ್ತಾರೆ. ಇದು ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಆದರೆ ಅದು ಜೀರ್ಣವಾದ ಆಹಾರದ ಶೇಷವಲ್ಲ, ಮೀನಿನ ಕರುಳನ್ನು ಹಾದುಬಂದ ಸುಣ್ಣದ ಪುಡಿ.

ಈ ಕೆಲಸ ಮಾಡುವುದು ಗಿಳಿಮೀನು. ಹಲ್ಲುಗಳು ಒಂದಕ್ಕೊಂದು ಬೆಸೆದುಕೊಂಡು ಗಿಳಿಯ ಕೊಕ್ಕಿನಂತೆ ಕಾಣುವುದರಿಂದ ಅದಕ್ಕೆ ಈ ಹೆಸರು. ಹವಳದ ಕಲ್ಲಿನ ಮೇಲೆ ಹಬ್ಬಿದ ಪಾಚಿಯೂ ಕಲ್ಲಿನೊಳಗೆ ಕೊರೆದುಕೊಂಡು ಬದುಕುವ ಸೂಕ್ಷ್ಮಜೀವಿಗಳೂ ಅದರ ಆಹಾರವಾದ್ದರಿಂದ, ಹೊಟ್ಟೆ ತುಂಬಬೇಕಾದರೆ ಅದು ಕಲ್ಲನ್ನೇ ಕೆರೆದು ತಿನ್ನಬೇಕು. ಕೊಕ್ಕು ಕೆರೆದು ತೆಗೆದ ಚೂರುಗಳನ್ನು ಗಂಟಲಿನಲ್ಲಿರುವ ಇನ್ನೊಂದು ಜೊತೆ ಹಲ್ಲಿನ ಫಲಕಗಳು ಬೀಸುವ ಕಲ್ಲಿನಂತೆ ನುಣ್ಣಗೆ ಅರೆಯುತ್ತವೆ. ಈ ಮೀನಿಗೆ ಜಠರವೇ ಇಲ್ಲ. ಪುಡಿ ನೇರವಾಗಿ ಕರುಳಿಗೆ ಇಳಿಯುತ್ತದೆ, ಸತ್ವ ಅಲ್ಲಿ ಉಳಿಯುತ್ತದೆ, ಸುಣ್ಣ ಹೊರಬೀಳುತ್ತದೆ. ನೀರಿನಲ್ಲಿ ಮುಳುಗಿ ನೋಡುವವರಿಗೆ ಕಲ್ಲು ಕೆರೆಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೀನಿನ ಹಿಂದೆ ಬಿಳಿಯ ಧೂಳು ಮೋಡದಂತೆ ಹರಡಿ, ನಿಧಾನವಾಗಿ ತಳಕ್ಕೆ ಇಳಿಯುತ್ತದೆ.

ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಸುತ್ತ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿ ಹೊಸದಾಗಿ ಉಂಟಾಗುವ ಮರಳಿನಲ್ಲಿ ಶೇ. 85ಕ್ಕಿಂತ ಹೆಚ್ಚು ಪಾಲು ಗಿಳಿಮೀನುಗಳದ್ದೆಂದು ಲೆಕ್ಕಹಾಕಿತು. ಒಂದು ಮೀಟರಿಗೂ ಮೀರಿ ಬೆಳೆಯುವ, ಹಣೆಯ ಮೇಲೆ ಉಬ್ಬು ಇರುವ ದೊಡ್ಡ ಜಾತಿಯ ಒಂದೇ ಮೀನು ವರ್ಷಕ್ಕೆ ಸುಮಾರು 5 ಟನ್ ಕಲ್ಲನ್ನು ಕೆರೆದು ತಿನ್ನುತ್ತದೆ. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರವಿರುವ ದ್ವೀಪಗಳಲ್ಲಿ ಮರಳೆಂದರೆ ಕಾಲಡಿಯ ನೆಲವೇ ಆದ್ದರಿಂದ, ಗಿಳಿಮೀನನ್ನು ಬರಿಯ ಊಟದ ಮೀನೆಂದು ಎಣಿಸುವುದು ದೊಡ್ಡ ತಪ್ಪೆಂದೇ ನನ್ನ ಭಾವನೆ. ಇದೇ ಮೀನು ಪಾಚಿಯನ್ನು ಹತೋಟಿಯಲ್ಲಿಟ್ಟು ಎಳೆಯ ಹವಳಕ್ಕೂ ಜಾಗ ಮಾಡಿಕೊಡುತ್ತದೆ; ಬೆಲೀಜ್ ದೇಶ 2009ರಲ್ಲೇ ಇದನ್ನು ಹಿಡಿಯುವುದನ್ನು ನಿಷೇಧಿಸಿತು.

ಎಲ್ಲ ಬಿಳಿ ಮರಳೂ ಹೀಗೆಯೇ ಆದದ್ದಲ್ಲ. ಜಪಾನಿನ ತಾಕೆತೋಮಿ ದ್ವೀಪದ ನಕ್ಷತ್ರಾಕಾರದ ಮರಳು ಏಕಕೋಶ ಜೀವಿಗಳ ಚಿಪ್ಪು. ನಮ್ಮ ಮಂಗಳೂರಿನ ಕಡಲತೀರದ ಮರಳಿನಲ್ಲಿ ನದಿಗಳು ಹೊತ್ತು ತಂದ ಬೆಣಚುಕಲ್ಲಿನ ಕಣಗಳೇ ಹೆಚ್ಚು. ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು: ಹವಳದ ಮರಳಿನ ಮೇಲೆ ಒಂದೆರಡು ಹನಿ ವಿನೆಗರ್ ಬಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ, ಮಂಗಳೂರಿನ ಮರಳಿನಲ್ಲಿ ಚಿಪ್ಪಿನ ಚೂರುಗಳಿರುವ ಕಡೆ ಮಾತ್ರ ಗುಳ್ಳೆ ಕಾಣುತ್ತದೆ.