ಮದುವೆ ಫೋಟೋಗೆ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಣ್ಣ ಸ್ಟುಡಿಯೋ ಇದೆ. ಮದುವೆ, ಕುಬಸ, ತೊಟ್ಟಿಲು ಎಲ್ಲಾ ಮಾಡುತ್ತೇನೆ. ಈಗಿರುವ ಫುಲ್ ಫ್ರೇಮ್ ಕೊಟ್ಟು ಮೀಡಿಯಂ ಫಾರ್ಮ್ಯಾಟ್ ತಗೊಂಡರೆ ಫೋಟೋ ಅಷ್ಟು ಬದಲಾಗುತ್ತಾ? ಸಾಲ ಮಾಡಿ ತಗೋಬಹುದಾ?

ಉತ್ತರ: ಮದುವೆಗೆ ಅಂತಾದರೆ ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ. ಆದರೆ ಇದೇ ಪ್ರಶ್ನೆಯನ್ನು ಸೀರೆ ಕ್ಯಾಟಲಾಗ್ ಮಾಡುವವರೋ, ಲಕ್ಕುಂಡಿಯ ಗುಡಿಗಳ ಫೋಟೋ ತೆಗೆಯುವವರೋ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಮೊದಲು ಅಳತೆ ನೋಡೋಣ. ಮೀಡಿಯಂ ಫಾರ್ಮ್ಯಾಟ್ ಅಂದರೆ ಫುಲ್ ಫ್ರೇಮ್‌ಗಿಂತ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅಥವಾ ಫಿಲ್ಮ್ ಇರುವ ಕ್ಯಾಮೆರಾ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್, ಹ್ಯಾಸೆಲ್‌ಬ್ಲಾಡ್ ಎಕ್ಸ್ ಸರಣಿಯ ಕ್ಯಾಮೆರಾಗಳಲ್ಲಿ ಇರುವುದು ಸುಮಾರು 44×33 ಮಿ.ಮೀ. ಅಂದರೆ ಜಾಗ ಸುಮಾರು 1.7 ಪಟ್ಟು. ಜಾಸ್ತಿ ಹೌದು, ಆದರೆ ಹಳೆಯ 6×6 ಸೆಂ.ಮೀ. ನೆಗೆಟಿವ್ ಪಕ್ಕ ಇಟ್ಟರೆ ಇದು ಅದರ ಅರ್ಧವೂ ಇಲ್ಲ.

ಬಹಳ ಜನ ಇದನ್ನು ಬಯಸುವುದು ಹಿನ್ನೆಲೆ ಬ್ಲರ್ ಆಗಲಿ ಅಂತ. ಇಲ್ಲೇ ಲೆಕ್ಕ ತಪ್ಪುತ್ತದೆ. (ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಬಾಯಿ ದೊಡ್ಡದು, ಬ್ಲರ್ ಜಾಸ್ತಿ.) ಜಿಎಫ್‌ಎಕ್ಸ್‌ನ 110 ಎಂಎಂ ಎಫ್2 ಲೆನ್ಸ್ ಕೊಡುವ ನೋಟ ಫುಲ್ ಫ್ರೇಮ್‌ನಲ್ಲಿ 87 ಎಂಎಂ ಎಫ್1.6ಕ್ಕೆ ಸಮ. ನಿಮ್ಮ ಹತ್ತಿರ 85 ಎಂಎಂ ಎಫ್1.4 ಇದ್ದರೆ ಅದಕ್ಕಿಂತ ಜಾಸ್ತಿ ಬ್ಲರ್ ನಿಮಗೆ ಈಗಾಗಲೇ ಸಿಗುತ್ತಿದೆ.

ನಾನು ಒಮ್ಮೆ ಎರಡು ದಿನಕ್ಕೆ 100 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಬಾಡಿಗೆಗೆ ತಂದು ಒಂದು ಮದುವೆ ಮಾಡಿದೆ. ಮಂಟಪದಲ್ಲಿ ಸದ್ದಾಗಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೆ. ದೊಡ್ಡ ಸೆನ್ಸರ್ ಚಿತ್ರವನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿಕೊಳ್ಳುತ್ತದೆ. ಅಷ್ಟರಲ್ಲಿ ಸ್ಟೇಜಿನ ಎಲ್‌ಇಡಿ ಲೈಟ್ ಎಷ್ಟೋ ಸಲ ಮಿನುಗಿರುತ್ತದೆ. ಫೋಟೋ ತುಂಬಾ ಅಡ್ಡ ಪಟ್ಟಿಗಳು ಬಂದವು. ಕೂಡಲೇ ಮೆಕ್ಯಾನಿಕಲ್ ಶಟರ್‌ಗೆ ಬಂದೆ. ಆಮೇಲೆ ಅಕ್ಕಿಕಾಳು ಬೀಳುವ ಹೊತ್ತು. ನಾಲ್ಕೂ ಕಡೆಯಿಂದ ಕೈಗಳು ಬಂದವು. ಫೋಕಸ್ ಮದುಮಗಳ ಮುಖ ಬಿಟ್ಟು ಮುಂದಿನ ಒಂದು ಕೈಗೆ ಹೋಯಿತು. ಅದು ವಾಪಸ್ ಬರುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಆಲ್ಬಮ್ ತಿರುವುತ್ತಾ ಹುಡುಗಿಯ ಅವ್ವ ಆ ಪುಟಕ್ಕೆ ಬಂದು ನಿಂತರು, ಏನೂ ಅನ್ನಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಇನ್ನು ಆಲ್ಬಮ್ ಲೆಕ್ಕ. ನಾವು ಕೊಡುವ 12×36 ಆಲ್ಬಮ್‌ನಲ್ಲಿ ಒಂದು ಪುಟ 12×18 ಇಂಚು. ಸಾಧಾರಣ 24 ಮೆಗಾಪಿಕ್ಸೆಲ್ ಫೋಟೋ 300 ಡಿಪಿಐನಲ್ಲಿ 20×13 ಇಂಚು ಬರುತ್ತದೆ. ಪುಟ ತುಂಬಿ ಮಿಕ್ಕುತ್ತದೆ, ಅಲ್ವಾ? 100 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದೊಂದು ರಾ ಫೈಲ್ (ಎಡಿಟಿಂಗ್‌ಗೆ ಬಳಸುವ ಮೂಲ ಫೈಲ್) ಸುಮಾರು 100 ಎಂಬಿ. ಎರಡು ಸಾವಿರ ಫೋಟೋ ಅಂದರೆ 200 ಜಿಬಿ, ಅದೂ ಒಂದೇ ಮದುವೆಗೆ. ಎಡಿಟಿಂಗ್ ಕಂಪ್ಯೂಟರ್ ಕೂಡ ಬದಲಿಸಬೇಕಾಗುತ್ತದೆ.

ಹಾಗಾದರೆ ಇದರ ಶಕ್ತಿ ಎಲ್ಲಿದೆ? ನನಗೆ ಅದು ಗೊತ್ತಾಗಿದ್ದು ಕಸೂತಿ ಸೀರೆಯಿಂದ. ಆ ಮದುವೆಯ ಮರುದಿನ ಧಾರವಾಡದ ಒಬ್ಬರ ಮನೆಯಲ್ಲಿ ಚಂದ್ರಕಾಳಿ ಸೀರೆಯನ್ನು ಕಿಟಕಿ ಪಕ್ಕ ಹಾಸಿ, ಅದೇ ಕ್ಯಾಮೆರಾ ಟ್ರೈಪಾಡ್ ಮೇಲೆ ಇಟ್ಟು ತೆಗೆದೆ. ಕಪ್ಪು ಬಟ್ಟೆ, ಮೇಲೆ ಬಿಳಿ, ಕೆಂಪು ಎಳೆಗಳು. ಬಿಳಿ ಸರಿ ಬಂದರೆ ಕಪ್ಪು ಮಸಿಯಾಗುವುದು, ಕಪ್ಪು ಎತ್ತಿದರೆ ಬಿಳಿ ಸುಟ್ಟುಹೋಗುವುದು ನಮಗೆಲ್ಲ ಗೊತ್ತಿರುವ ಕಷ್ಟ. ಇಲ್ಲಿ ಎರಡೂ ಉಳಿದವು. ಸ್ಕ್ರೀನ್ ಮೇಲೆ ದೊಡ್ಡದು ಮಾಡಿದರೆ ಗವಂತಿ ಹೊಲಿಗೆಯ ಒಂದೊಂದು ಎಳೆ, ಸೂಜಿ ಇಳಿದ ತೂತು, ಅದರ ಸುತ್ತ ಕಪ್ಪು ನೂಲಿನ ನೇಯ್ಗೆ ಎಲ್ಲ ಕಾಣುತ್ತಿತ್ತು. ಒತ್ತಾದ ನೇಯ್ಗೆಯ ಮೇಲೆ ಮೂಡುವ ಬಣ್ಣದ ಅಲೆಗಳೂ ಕಡಿಮೆ. ಪೂರ್ತಿ ಹೋಗುತ್ತವೆ ಅಂತಲ್ಲ.

ಲಕ್ಕುಂಡಿಯಲ್ಲೂ ಹಾಗೇ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಸಣ್ಣ ಕೆತ್ತನೆ, ತಿರುಗಣಿಗೆ ಹಾಕಿ ಕಡೆದ ಕಂಬಗಳ ಹೊಳಪು, ಒಳಗಿನ ಕತ್ತಲು, ಹೊರಗಿನ ಬಿಸಿಲು, ಎಲ್ಲವನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ದೊಡ್ಡ ಸೆನ್ಸರ್ ನಿಜಕ್ಕೂ ನೆರವಾಗುತ್ತದೆ. ಆದರೆ ದೊಡ್ಡ ಸೆನ್ಸರ್‌ನಲ್ಲಿ ಫೋಕಸ್‌ನ ಆಳ ಕಡಿಮೆ. ಕಂಬದ ಮುಂಭಾಗ, ಹಿಂಭಾಗ ಎರಡೂ ಚೂಪಾಗಿ ಬರಬೇಕಾದರೆ ಲೆನ್ಸ್ ಬಾಯಿ ಚಿಕ್ಕದು ಮಾಡಿ ಎಫ್11ಕ್ಕೆ ಇಳಿಯಬೇಕು. ಸಿಕ್ಕ ಹೆಚ್ಚುವರಿ ಬೆಳಕನ್ನು ಅಲ್ಲೇ ವಾಪಸ್ ಕೊಟ್ಟ ಹಾಗೆ. ಟ್ರೈಪಾಡ್ ಇಲ್ಲದೆ ಆಗದು. ಕಲ್ಲು ಕಾಯುತ್ತದೆ, ಸೀರೆ ಕಾಯುತ್ತದೆ, ಅದಕ್ಕೇ ಅಲ್ಲಿ ಇದು ಸರಿ.

ಫ್ಲ್ಯಾಶ್ ವಿಷಯ ಚಿಕ್ಕದಾಗಿ. ಫ್ಲ್ಯಾಶ್ ಸಿಂಕ್ ಅಂದರೆ ಫ್ಲ್ಯಾಶ್ ಬೆಳಕು ಪೂರ್ತಿ ಫೋಟೋಗೆ ಸಿಗುವ ಅತಿ ವೇಗದ ಶಟರ್. ಲೆನ್ಸ್ ಬದಲಿಸಬಹುದಾದ ಜಿಎಫ್‌ಎಕ್ಸ್‌ನಲ್ಲಿ ಫ್ಲ್ಯಾಶ್ ಸಿಂಕ್ 1/125 ಸೆಕೆಂಡ್ ಮಾತ್ರ. ಹ್ಯಾಸೆಲ್‌ಬ್ಲಾಡ್ ಎಕ್ಸ್ ಲೆನ್ಸ್‌ಗಳ ಒಳಗೇ ಶಟರ್ ಇರುವುದರಿಂದ 1/2000ರಲ್ಲೂ ನಡೆಯುತ್ತದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಫ್ಲ್ಯಾಶ್ ಹಾಕಿ ಜೋಡಿ ಫೋಟೋ ತೆಗೆಯುವವರಿಗೆ ಇದು ದೊಡ್ಡ ವ್ಯತ್ಯಾಸ.

ನಿಮಗೆ ನಾನು ಹೇಳುವುದು ಇಷ್ಟು. ಹೊಸದು ಕೊಳ್ಳುವ ಮೊದಲು ನಿಮ್ಮ ಊರಿನ ಹಳೇ ಸ್ಟುಡಿಯೋದವರನ್ನು ಕೇಳಿ. ಅಟ್ಟದ ಮೇಲೆ ಒಂದು ಯಾಶಿಕಾ ಫಿಲ್ಮ್ ಕ್ಯಾಮೆರಾ ಇದ್ದರೂ ಇರಬಹುದು. ನಮ್ಮ ಹಿರಿಯರು ಎಷ್ಟೋ ಮದುವೆ ತೆಗೆದದ್ದು ಅಂಥ ಮೀಡಿಯಂ ಫಾರ್ಮ್ಯಾಟ್‌ನಲ್ಲೇ. ‘120’ ಅನ್ನುವ ಫಿಲ್ಮ್‌ನ ಒಂದು ರೋಲಿಗೆ ಹನ್ನೆರಡೇ ಫೋಟೋ. ಕತ್ತು ಬಗ್ಗಿಸಿ ಮೇಲಿಂದ ನೋಡಬೇಕು, ಎಡಕ್ಕಿರುವವರು ಬಲಕ್ಕೆ ಕಾಣುತ್ತಾರೆ. ಅಂಥ ಕ್ಯಾಮೆರಾದಲ್ಲಿ ಅವರು ತಾಳಿ ಕಟ್ಟುವುದನ್ನು ತಪ್ಪಿಸಿಕೊಳ್ಳದೆ ಹಿಡಿದರಲ್ಲ, ಅವರ ಬಗ್ಗೆ ನನಗೆ ಬಹಳ ಗೌರವ.

ಸಿಕ್ಕರೆ ತಗೊಳ್ಳುವ ಮುಂಚೆ ಎರಡು ನೋಡಿ. ಒಂದು ಸೆಕೆಂಡಿಗೆ ಶಟರ್ ಇಟ್ಟು ಒತ್ತಿ, ನಡುವೆ ಸಿಕ್ಕಿಕೊಳ್ಳಬಾರದು. ಆಮೇಲೆ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಫಂಗಸ್ ಇದೆಯಾ ಅಂತ ನೋಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ವರ್ಷಗಟ್ಟಲೆ ಚರ್ಮದ ಕೇಸಿನಲ್ಲೇ ಇದ್ದ ಕ್ಯಾಮೆರಾ ಆದರೆ ಇದನ್ನೇ ಮೊದಲು ನೋಡಿ.