ಪ್ರಾಜೆಕ್ಟ್ ಮೇಜಿನಿಂದ ಪಿಚ್ ವೇದಿಕೆಗೆ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ನಲ್ಲಿ ಡಾನ್ಸ್, ರೋಬೊಟಿಕ್ಸ್ ಜತೆ ಉದ್ಯಮದ ಐಡಿಯಾವನ್ನು ತೀರ್ಪುಗಾರರ ಮುಂದೆ ಮಂಡಿಸುವ ಪಿಚ್ ಸ್ಪರ್ಧೆಯೂ ಈಗ ಕಾಯಂ. ಐದು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ, ಹತ್ತು ಸ್ಲೈಡ್. ಇದಕ್ಕೆ ಬೇರು ಎರಡು. ಅವು ಇನ್ನೂ ಸರಿಯಾಗಿ ಕೂಡಿಕೊಂಡಿಲ್ಲ.

ಒಂದು ಅಮೆರಿಕದ್ದು. 1984ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ‘ಮೂಟ್ ಕಾರ್ಪ್’ ಶುರುವಾಯಿತು. ಕಾನೂನು ಕಾಲೇಜಿನ ಅಣಕು ನ್ಯಾಯಾಲಯವಿದ್ದಂತೆ ಇದು ಎಂಬಿಎ ಹುಡುಗರ ಅಣಕು ಕಂಪನಿ. 1990ರಲ್ಲಿ ಅಲ್ಲಿಯದೇ ಎಂಐಟಿ ವಿಶ್ವವಿದ್ಯಾಲಯದ 10 ಸಾವಿರ ಡಾಲರ್ ಸ್ಪರ್ಧೆ ಬಂತು. ಆಗ ಬಿಸಿನೆಸ್ ಪ್ಲಾನನ್ನು ಬರೆದು ಒಪ್ಪಿಸಬೇಕಿತ್ತು.

ಇನ್ನೊಂದು ನಮ್ಮದೇ, ಅದಕ್ಕಿಂತ ಹಳೆಯದು. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತ, ಆಯ್ದವನ್ನು ಪ್ರದರ್ಶನಕ್ಕಿಡುತ್ತ ಬಂದಿದೆ. ಅಲ್ಲಿ ಮಾತಿಗಿಂತ ಮೊದಲು ಮೇಜಿನ ಮೇಲೆ ಯಂತ್ರ ಓಡಬೇಕು.

2000ದಲ್ಲಿ ಐಐಎಂ ಬೆಂಗಳೂರಿನಲ್ಲಿ ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರ ಎನ್‌ಎಸ್‌ಆರ್‌ಸೆಲ್ ಹುಟ್ಟಿತು. 2015ರಲ್ಲಿ ರಾಜ್ಯದ ಸ್ಟಾರ್ಟಪ್ ನೀತಿ, 2016ರ ಜನವರಿಯಲ್ಲಿ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಯೋಜನೆ ಬಂದವು. ಆದರೆ ಸ್ಪರ್ಧೆಗಳ ಸಂಖ್ಯೆ ಏರಿದ್ದಕ್ಕೆ, ನಮ್ಮ ಲೆಕ್ಕದಲ್ಲಿ, ದೊಡ್ಡ ಕಾರಣ 2018ರ ನಂತರ ಕೇಂದ್ರ ಶಿಕ್ಷಣ ಸಚಿವಾಲಯ ಕಾಲೇಜುಗಳಲ್ಲಿ ಮಾಡಿಸಿದ ಇನ್‌ಸ್ಟಿಟ್ಯೂಷನ್ಸ್ ಇನ್ನೋವೇಶನ್ ಕೌನ್ಸಿಲ್. ಕಾಲೇಜಿನ ಕೌನ್ಸಿಲ್ ನಡೆಸಿದ ಕಾರ್ಯಕ್ರಮಗಳ ಮೇಲೆ ಸಚಿವಾಲಯ ಸ್ಟಾರ್ ಕೊಡುತ್ತದೆ. ಸ್ಪರ್ಧೆ ನಡೆಸಿ ಫೋಟೊ, ವರದಿ ಏರಿಸಿದರೆ ಆಯಿತು. ಗೆದ್ದ ತಂಡ ಮರುವರ್ಷ ಏನು ಮಾಡಿತು ಎಂದು ಹೋಗಿ ನೋಡುವವರು ಕಡಿಮೆ.

ಈ ಊರಿನ ವೇದಿಕೆಗೆ ಮತ್ತೆ ಮತ್ತೆ ಬರುವ ಒಂದು ಐಡಿಯಾ ತೆಗೆದುಕೊಳ್ಳಿ: ಓವರ್‌ಹೆಡ್ ಟ್ಯಾಂಕ್ ತುಂಬಿದಾಗ ಮೋಟರ್ ತಾನೇ ಆಫ್ ಆಗುವ ಸಾಧನ. ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಮೋಟರ್ ಆನ್-ಆಫ್ ಮಾಡುವ ಒಂದು ರಿಲೇ. ಲ್ಯಾಬಿನ ಬಕೆಟ್ಟಿನಲ್ಲಿ ಸೊಗಸಾಗಿ ಓಡುತ್ತದೆ. ವೇದಿಕೆ ಹತ್ತಿದರೆ ವೈಫೈ ಸಿಗುವುದಿಲ್ಲ: ಆ ಬೋರ್ಡಿಗೆ 5 ಗಿಗಾಹರ್ಟ್ಸ್ ವೈಫೈ ಹಿಡಿಯಲು ಬಾರದು, ಕಾಲೇಜು ವೈಫೈ ಕೇಳುವ ಲಾಗಿನ್ ಪುಟವನ್ನೂ ಅದು ದಾಟದು. ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟುಕೊಂಡೇ ಹೋಗಬೇಕು. ನಿಜವಾದ ಟ್ಯಾಂಕಿನಲ್ಲಿ ತೊಂದರೆ ಬೇರೆ. ತೆರೆದ ಸೆನ್ಸರ್ ಮೇಲೆ ಹಬೆ ಹನಿಗಟ್ಟಿ ಅಳತೆ ತಪ್ಪುತ್ತದೆ. ಟ್ಯಾಂಕಿನ ಮೇಲ್ತುದಿಯಲ್ಲಿ ಕೂರಿಸುವ ವಾಟರ್‌ಪ್ರೂಫ್ ಸೆನ್ಸರ್ 20–25 ಸೆಂ.ಮೀ.ಗಿಂತ ಹತ್ತಿರದ್ದನ್ನು ಅಳೆಯಲಾರದು, ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೇ ಕೈಕೊಡುತ್ತದೆ. ನೀರು 30 ಸೆಂ.ಮೀ. ದೂರವಿರುವಾಗಲೇ ಮೋಟರ್ ನಿಲ್ಲುವಂತೆ ಪ್ರೋಗ್ರಾಂ ಬರೆಯಬೇಕು. ಮಂಡಳಿಯ ಪ್ರದರ್ಶನದಲ್ಲಾದರೆ ಇಂಥದ್ದು ಮೇಜಿನ ಮೇಲೆಯೇ ಬಯಲಾಗುತ್ತದೆ, ಸ್ಲೈಡಿನಲ್ಲಿ ಆಗುವುದಿಲ್ಲ.

ಸ್ಲೈಡಿನ ಲಾಭದ ಲೆಕ್ಕವೂ ಹೀಗೇ. ಬಿಡಿಭಾಗಕ್ಕೆ ತೆರಿಗೆ ಬಿಟ್ಟು 1,200, ಮಾರಾಟ 2,000, ಉಳಿತಾಯ 800 ಎಂದು ಹಾಕುತ್ತಾರೆ. ಆ 2,000ದಲ್ಲೇ ಸೇರಿರುವ 18% ಜಿಎಸ್‌ಟಿ ಕಳೆದರೆ ಕೈಗೆ ಬರುವುದು 1,695. ಬಿಡಿಭಾಗ ಕಳೆದು ಉಳಿಯುವುದು 495. ಅಳವಡಿಸಲು ಹೋದವನಿಗೆ 300 ಕೊಟ್ಟರೆ 195. ರಿಪೇರಿಗೆಂದು ಅವನನ್ನು ಇನ್ನೊಮ್ಮೆ ಕಳಿಸಿದರೆ 105 ರೂಪಾಯಿ ನಷ್ಟ. ದೇಶದ ಮಾರುಕಟ್ಟೆ ಎಷ್ಟು ಕೋಟಿ ಎಂದು ಕೇಳುವ ತೀರ್ಪುಗಾರರು ಇದನ್ನೂ ಕೇಳಬೇಕು.

ಪೇಟೆಂಟ್ ವಿಷಯದಲ್ಲಿ ಅವಸರವೇ ಶತ್ರು. ವೇದಿಕೆಯ ಮೇಲೆ ತಿರುಳು ಬಿಚ್ಚಿಟ್ಟರೆ ‘ಹೊಸತು’ ಎನ್ನುವ ಹಕ್ಕು ಹೋಗುತ್ತದೆ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ನಿನ ವಿನಾಯಿತಿ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಂಥ ಕೆಲವಕ್ಕಷ್ಟೇ. ಕಾಲೇಜು ಫೆಸ್ಟನ್ನು ನಂಬಿ ಕೂರುವಂತಿಲ್ಲ. ಪಿಚ್‌ಗೆ ಮುಂಚೆ ಫಾರ್ಮ್ 1 (ಅರ್ಜಿ), ಫಾರ್ಮ್ 2ರೊಂದಿಗೆ (ವಿವರಣೆ) ಪ್ರಾವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಏಳನೇ ಸೆಮಿಸ್ಟರಿನಲ್ಲಿ ಅರ್ಜಿ ಹಾಕಿದ ತಂಡಕ್ಕೆ ಆ ಗಡುವು ಬರುವಷ್ಟರಲ್ಲಿ ನಾಲ್ವರೂ ನಾಲ್ಕು ಕಂಪನಿಗಳಲ್ಲಿ ಕೆಲಸಕ್ಕೆ ಸೇರಿರುತ್ತಾರೆ.