ಗಂಡನ ರಜೆ ನೋಡಿ ಬಸಿರಾಗಬೇಡಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಬಸಿರಾಗಬಹುದಾ? ಆಗಬಹುದು. ಧಾರಾಳವಾಗಿ. ನನ್ನ ತಲೆಬಿಸಿ ಇರುವುದು ಅದು ಯಾವಾಗ ಎಂಬುದರಲ್ಲಿ.

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಹುಡುಗಿಯರು ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಕೆಲವೇ ತಿಂಗಳಲ್ಲಿ ಚೂಡಿದಾರ ಸಡಿಲವಾಗುತ್ತದೆ. ಪಿಸಿಓಡಿ ಎಂಬ ಅಂಡಾಶಯದ ತೊಂದರೆಯಿಂದ ವರ್ಷಗಟ್ಟಲೆ ಏರುಪೇರಾಗಿದ್ದ ಮುಟ್ಟು ತಿಂಗಳಿಗೆ ಸರಿಯಾಗಿ ಬರತೊಡಗುತ್ತದೆ. ಅಷ್ಟರಲ್ಲಿ ಗಂಡನಿಗೆ ದುಬೈಯಿಂದ ರಜೆ. "ಮುಟ್ಟು ಸರಿ ಆಯ್ತಲ್ಲ, ಇನ್ನೆಂತ ಕಾಯುವುದು?" ಎಂದು ಅತ್ತೆ ಕೇಳುತ್ತಾರೆ. ಅವರ ಆಸೆ ತಪ್ಪು ಎಂದು ನಾನು ಹೇಳುವುದಿಲ್ಲ. ಲೆಕ್ಕ ಮಾತ್ರ ತಪ್ಪು.

ಮುಟ್ಟು ಸರಿಯಾಯಿತು ಅಂದರೆ ಅಂಡಾಶಯ ಕೆಲಸ ಶುರು ಮಾಡಿದೆ, ಅಷ್ಟೇ. ಮಗುವನ್ನು ಬೆಳೆಸುವಷ್ಟು ಸತ್ವ ಮೈಯಲ್ಲಿದೆ ಎಂದಲ್ಲ. ಮೊದಲ ವರ್ಷ ತೂಕ ಸರಸರ ಇಳಿಯುತ್ತಿರುತ್ತದೆ, ಊಟ ನಾಲ್ಕೇ ತುತ್ತು, ಈ ಆಪರೇಷನ್ನಿನಲ್ಲಿ ಮುಖ್ಯವಾಗಿ ಎರಡು ಬಗೆ: ಜಠರವನ್ನು ಕತ್ತರಿಸಿ ಸಣ್ಣ ಮಾಡುವ ಸ್ಲೀವ್ ಆದವರಿಗೆ ಹೊಟ್ಟೆಯ ಬಹುಪಾಲು ಭಾಗವೇ ಇರುವುದಿಲ್ಲ, ಅನ್ನದ ದಾರಿಯನ್ನೇ ತಿರುಗಿಸುವ ಬೈಪಾಸ್ (ಹೃದಯದ್ದಲ್ಲ) ಆದವರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಹೀರುವ ಕರುಳಿನ ಮೊದಲ ಭಾಗಕ್ಕೆ ಅನ್ನ ಮುಟ್ಟುವುದೇ ಇಲ್ಲ. ವಿಟಮಿನ್ ಬಿ12 ಕೂಡ ಸರಿಯಾಗಿ ಸೇರುವುದಿಲ್ಲ. ತೋಟಕ್ಕೆ ನೀರು ಕೊಡಲು ಗುಡ್ಡ ಕೊರೆದ ಸುರಂಗದಲ್ಲಿ ನೀರು ಇಳಿಯುತ್ತಿರುವಾಗ ಯಾರಾದರೂ ಹೊಸ ಅಡಿಕೆ ಸಸಿ ನೆಡುತ್ತಾರಾ? ತೂಕ ಒಂದು ಕಡೆ ನಿಲ್ಲಬೇಕು, ರಕ್ತ ಪರೀಕ್ಷೆ ಸರಿ ಬರಬೇಕು. ಅದಕ್ಕೇ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಿರಿ ಎನ್ನುತ್ತೇವೆ. ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು, ವಯಸ್ಸು 35 ದಾಟಿದ್ದರೆ ಬೇರೆ ಮಾತಾಡಬೇಕಾಗಬಹುದು. ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ. ಅಲ್ಲಿಯವರೆಗೆ ಗರ್ಭ ತಡೆಯಲು ಬೈಪಾಸ್ ಆದವರು ಮಾತ್ರೆ ನಂಬಬೇಡಿ, ಅದೂ ಸರಿಯಾಗಿ ಮೈಗೆ ಹತ್ತದೆ ಇರಬಹುದು. ಕಾಪರ್ ಟಿ ವಾಸಿ.

ಇಷ್ಟೆಲ್ಲ ಹೇಳಿದರೆ "ಹಾಗಾದರೆ ಆಪರೇಷನ್ನೇ ಬೇಡವಿತ್ತಾ ಡಾಕ್ಟ್ರೇ?" ಎಂದು ಮುಖ ಸಣ್ಣ ಮಾಡುತ್ತಾರೆ. ಹಾಗಲ್ಲ ಮಾರಾಯ್ತಿ. ಸ್ವೀಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಆಪರೇಷನ್ ಆದ ತಾಯಂದಿರನ್ನು ಮೊದಲು ಅಷ್ಟೇ ತೂಕವಿದ್ದು ಆಪರೇಷನ್ ಮಾಡಿಸದವರ ಜೊತೆ ಹೋಲಿಸಿದರು. ಬಸಿರಿನ ಸಕ್ಕರೆ ಕಾಯಿಲೆ ಆಪರೇಷನ್ ಆದವರಲ್ಲಿ ಶೇ. 1.9, ಉಳಿದವರಲ್ಲಿ ಶೇ. 6.8. ಅತಿ ದೊಡ್ಡ ಮಗು ಆಪರೇಷನ್ ಆದವರಲ್ಲಿ ಶೇ. 8.6, ಉಳಿದವರಲ್ಲಿ ಶೇ. 22.4. ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಬೆಳವಣಿಗೆ ಕಡಿಮೆಯಾಗಿ ಸಣ್ಣದಾಗಿ ಹುಟ್ಟಿದ ಮಕ್ಕಳು ಶೇ. 15.6 ಇದ್ದರು, ಉಳಿದವರಲ್ಲಿ ಶೇ. 7.6. ನಾನು ಹೆದರುವುದು ಈ ಕೊನೆಯ ಲೆಕ್ಕಕ್ಕೆ.

ಒಬ್ಬಳು ಆಪರೇಷನ್ ಆಗಿ ವರ್ಷ ತುಂಬುವ ಮೊದಲೇ ಬಸಿರಾಗಿ ಬಂದಳು. ಗೊತ್ತಾದ ದಿನವೇ ಎಲ್ಲ ಮದ್ದು ಬಿಟ್ಟಿದ್ದಳು, "ಮಗುವಿಗೆ ಉಷ್ಣ" ಅಂತ. ಅವಳ ಅಮ್ಮನೋ, ಎರಡು ಜೀವ ಎಂದು ಬಟ್ಟಲು ತುಂಬ ಗಂಜಿ ಬಡಿಸುವುದು, ಅವಳು ವಾಂತಿ ಮಾಡುವುದು. ಅಮ್ಮನನ್ನೇ ಕೂರಿಸಿ ಹೇಳಿದೆ: ಗಂಜಿ ಅರ್ಧ ಸೌಟು ಸಾಕು, ಮೊದಲು ಮೊಟ್ಟೆ, ಹೆಸರುಕಾಳು, ಬೂತಾಯಿ ಮೀನು ತಿನ್ನಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡೂ ಬೇಕು, ಒಟ್ಟಿಗೆ ಬೇಡ. ಕಬ್ಬಿಣದ ಜೊತೆ ಚಹಾ ಬೇಡವೇ ಬೇಡ. ಆ ಅಮ್ಮ ಆಮೇಲೆ ಗಡಿಯಾರ ಇಟ್ಟುಕೊಂಡು ಮದ್ದು ಕೊಟ್ಟರು. ಹೆಣ್ಣು ಮಗು, ಸ್ವಲ್ಪ ಸಣ್ಣ, ಆದರೆ ಗಟ್ಟಿ.

ಹಾಗಾಗಿ ಬಸಿರು ಬೇಗ ನಿಂತುಬಿಟ್ಟರೆ ಗಾಬರಿಯಾಗಿ ತೆಗೆಸಲು ಓಡಬೇಡಿ. ಬೇಗ ಬನ್ನಿ, ಸಾಕು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಮಗುವಿನ ಬೆಳವಣಿಗೆಗೆ ಹೆಚ್ಚುವರಿ ಸ್ಕ್ಯಾನ್ ಮಾಡುತ್ತೇವೆ. ಆಪರೇಷನ್ ಆಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಗ್ಲೂಕೋಸ್ ನೀರು ಕುಡಿಸುವ ಪರೀಕ್ಷೆಯಲ್ಲಿ ಕೆಲವರಿಗೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಬೆವರು, ತಲೆಸುತ್ತು, ಭೇದಿ ಆಗುತ್ತದೆ. ಲ್ಯಾಬಿನವರಿಗೆ ಮೊದಲೇ ಹೇಳಿ, ಬೆರಳು ಚುಚ್ಚಿ ನೋಡುವ ದಾರಿ ಇದೆ. ಬೈಪಾಸ್ ಆದವರಿಗೆ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಒಳಗೆ ಕರುಳು ಸಿಕ್ಕಿಕೊಂಡಿರಬಹುದು, ರಾತ್ರಿಯಾದರೂ ಹೊರಡಿ.

ಇನ್ನೊಂದು. ಸ್ಲೀವಾ ಬೈಪಾಸಾ ಎಂದು ಕೇಳಿದರೆ "ಕೀಹೋಲ್" ಎನ್ನುತ್ತೀರಿ. ಅದು ಎರಡಕ್ಕೂ ಹಾಕುವ ತೂತು. ಡಿಸ್ಚಾರ್ಜ್ ಚೀಟಿ ತನ್ನಿ, ನಾನೇ ಓದಿಕೊಳ್ಳುತ್ತೇನೆ.